ಹಾಸಿಗೆ ಕೆಳಗಿನ ಸ್ಪ್ರಿಂಗ್, ನಾಣ್ಯದ ಸುತ್ತಲಿನ ಮಣ್ಣು: ಗ್ರಹಾಂ ಬೆಲ್ ಅವರ ಇನ್ನೊಂದು ಕಥೆ

ಅಲೆಕ್ಸಾಂಡರ್ ಗ್ರಹಾಂ ಬೆಲ್ ಅಂದ ತಕ್ಷಣ ಎಲ್ಲರಿಗೂ ನೆನಪಾಗೋದು ಟೆಲಿಫೋನ್. ಆದರೆ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ನೆಲದ ಮೇಲೆ ಕಾಯಿಲ್ ಆಡಿಸುತ್ತಾ ಹಳೇ ನಾಣ್ಯ ಹುಡುಕುತ್ತಾರಲ್ಲ, ಆ ಮೆಟಲ್ ಡಿಟೆಕ್ಟರ್ ಕಥೆಯಲ್ಲೂ ಬೆಲ್ ಇದ್ದಾರೆ. ಇದು ಗೆಲುವಿನ ಕಥೆ ಅಲ್ಲ, ಆದರೆ ನಮ್ಮಂಥ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಗೆಲುವಿಗಿಂತ ಹೆಚ್ಚು ಕಲಿಸುತ್ತೆ.

ಬೆಲ್ ಹುಟ್ಟಿದ್ದು 1847ರ ಮಾರ್ಚ್ 3ರಂದು, ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ. ತಾಯಿ ಎಲೈಜಾ ಅವರಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ತಂದೆ ಮಾತು, ಉಚ್ಚಾರಣೆ ಕಲಿಸುವ ಮೇಷ್ಟ್ರು. ಅಣ್ಣ, ತಮ್ಮ ಇಬ್ಬರನ್ನೂ ಕ್ಷಯರೋಗ ತೆಗೆದುಕೊಂಡು ಹೋಯಿತು. ಉಳಿದ ಒಬ್ಬನೇ ಮಗನನ್ನಾದರೂ ಉಳಿಸಿಕೊಳ್ಳೋಣ ಅಂತ ತಂದೆ-ತಾಯಿ 1870ರಲ್ಲಿ ಕೆನಡಾಗೆ ಹೊರಟರು. ಬೆಲ್ ಮುಂದೆ ಬಾಸ್ಟನ್‌ಗೆ ಹೋಗಿ ಕಿವುಡ ಮಕ್ಕಳಿಗೆ ಪಾಠ ಮಾಡಿದರು. ಅಲ್ಲಿನ ಶಿಷ್ಯೆ ಮೇಬಲ್ ಹಬಾರ್ಡ್ ಚಿಕ್ಕಂದಿನಲ್ಲೇ ಜ್ವರ ಬಂದು ಶ್ರವಣ ಕಳೆದುಕೊಂಡವರು. 1876ರಲ್ಲಿ ಟೆಲಿಫೋನ್ ಪೇಟೆಂಟ್ ಸಿಕ್ಕಿತು, 1877ರಲ್ಲಿ ಮೇಬಲ್ ಜೊತೆ ಮದುವೆ ಆಯಿತು. 1880ರಲ್ಲಿ ಫ್ರಾನ್ಸ್ ಸರ್ಕಾರ ಕೊಟ್ಟ 50,000 ಫ್ರಾಂಕ್ ವೋಲ್ಟಾ ಬಹುಮಾನದಿಂದ ವಾಷಿಂಗ್ಟನ್‌ನಲ್ಲಿ ಲ್ಯಾಬ್ ಶುರು ಮಾಡಿದರು.

1881ರ ಜುಲೈ 2ರಂದು ಅದೇ ವಾಷಿಂಗ್ಟನ್‌ನ ರೈಲ್ವೆ ಸ್ಟೇಷನ್‌ನಲ್ಲಿ ಅಧ್ಯಕ್ಷ ಜೇಮ್ಸ್ ಗಾರ್ಫೀಲ್ಡ್ ಅವರ ಮೇಲೆ ಗುಂಡು ಹಾರಿತು. ಒಂದು ಗುಂಡು ಮೈಯೊಳಗೇ ಉಳಿಯಿತು. ಎಕ್ಸ್-ರೇ ಬರೋಕೆ ಇನ್ನೂ 14 ವರ್ಷ ಇತ್ತು. ಡಾಕ್ಟರುಗಳು ತೊಳೆಯದ ಬೆರಳನ್ನೇ ಗಾಯಕ್ಕೆ ಹಾಕಿ ಹುಡುಕುತ್ತಿದ್ದರು. ಕುಯ್ಯದೆ ಗುಂಡು ಎಲ್ಲಿದೆ ಅಂತ ಹೇಳಲು ಸಾಧ್ಯವೇ ಅಂತ ಬೆಲ್ ಯೋಚಿಸಿದರು.

ಇದಕ್ಕೆ ಅವರು ಹಿಡಿದದ್ದು ಇಂಡಕ್ಷನ್ ಬ್ಯಾಲೆನ್ಸ್. ಕಾಯಿಲ್‌ಗಳನ್ನು ಒಂದರ ಪ್ರಭಾವ ಇನ್ನೊಂದನ್ನು ರದ್ದು ಮಾಡುವ ಹಾಗೆ ಜೋಡಿಸಿದರೆ ಟೆಲಿಫೋನ್ ರಿಸೀವರ್‌ನಲ್ಲಿ ಏನೂ ಕೇಳಿಸಲ್ಲ. ಹತ್ತಿರ ಲೋಹ ಬಂದರೆ ಅದರಲ್ಲಿ ಎಡ್ಡಿ ಕರೆಂಟ್ ಹುಟ್ಟಿ ಸಮತೋಲನ ಕೆಡುತ್ತೆ, ಸದ್ದು ಬರುತ್ತೆ. ಬೆಲ್ ಮತ್ತು ಸಹಾಯಕ ಟೇಂಟರ್ ಹಗಲು-ರಾತ್ರಿ ಕೂತು ಗುಂಡನ್ನು ಮಾಂಸದ ತುಂಡಿನಲ್ಲಿ, ಒದ್ದೆ ತೌಡಿನ ಚೀಲದಲ್ಲಿ ಬಚ್ಚಿಟ್ಟು ಪರೀಕ್ಷೆ ಮಾಡಿದರು. ಗುಂಡನ್ನು ಮೈಯಲ್ಲೇ ಇಟ್ಟುಕೊಂಡು ಬದುಕಿದ್ದ ಮಾಜಿ ಸೈನಿಕರ ಮೇಲೂ ನೋಡಿದರು. ಯಂತ್ರ ಕೆಲಸ ಮಾಡ್ತಿತ್ತು.

ಜುಲೈ 26ರಂದು ವೈಟ್ ಹೌಸ್‌ನಲ್ಲಿ ನಡೆದ ಮೊದಲ ಪ್ರಯತ್ನದಲ್ಲಿ ಸರ್ಕ್ಯೂಟ್ ಗೊಂದಲದಿಂದ ಬೇಡದ ಸದ್ದು ಬಂತು. ಆಗಸ್ಟ್ 1ರಂದು ಮತ್ತೆ ಹೋದಾಗ ತುಂಬಾ ಅಗಲದ ಜಾಗದಲ್ಲಿ ಮಂದವಾದ ಸದ್ದು ಕೇಳಿಸಿತು. ಅಧ್ಯಕ್ಷರ ಹಾಸಿಗೆ ಕೆಳಗೆ ಉಕ್ಕಿನ ತಂತಿಯ ಇನ್ನೊಂದು ಹಾಸಿಗೆ ಇದೆ ಅನ್ನೋದು ಆಮೇಲೆ ಗೊತ್ತಾಯಿತು! ಅದೂ ಅಲ್ಲದೆ, ಗುಂಡು ಬಲಗಡೆಯೇ ಇದೆ ಅಂತ ನಂಬಿದ್ದ ಡಾಕ್ಟರ್ ಬ್ಲಿಸ್ ಆ ಕಡೆ ಮಾತ್ರ ಹುಡುಕಲು ಬಿಟ್ಟಿದ್ದರು. ಸೆಪ್ಟೆಂಬರ್ 19ರಂದು ಗಾರ್ಫೀಲ್ಡ್ ಸೋಂಕಿನಿಂದ ತೀರಿಕೊಂಡರು. ಗುಂಡು ಸಿಕ್ಕಿದ್ದು ಎಡಗಡೆ, ಆಳದಲ್ಲಿ.

ಈಗ ನಾಣ್ಯದ ವಿಷಯಕ್ಕೆ ಬರೋಣ. ಹಾಸಿಗೆಯ ತಂತಿ ಬೆಲ್ ಅವರಿಗೆ ಕೊಟ್ಟ ತೊಂದರೆಯನ್ನೇ ಒದ್ದೆ ಮಣ್ಣು ನಾಣ್ಯ ಹುಡುಕುವವರಿಗೆ ಕೊಡುತ್ತೆ. ಒಣ ಮಣ್ಣಿನಲ್ಲಿ ಕರೆಂಟ್ ಹರಿಯೋದು ಬಹಳ ಕಡಿಮೆ. ನೀರು ಬಿದ್ದಾಗ ಮಣ್ಣಿನ ಉಪ್ಪಿನಂಶ ಕರಗಿ ಅಯಾನುಗಳು ಓಡಾಡುತ್ತವೆ, ಮಣ್ಣೇ ಒಂದು ಮಂದ ವಾಹಕ ಆಗುತ್ತೆ. ಬರೀ ಮಳೆನೀರಾದರೆ ತೊಂದರೆ ಸ್ವಲ್ಪವೇ. ಸಮುದ್ರ ತೀರದ ಒದ್ದೆ ಮರಳಾದರೆ ನೆಲವೆಲ್ಲಾ ತೆಳು ಲೋಹದ ಹಾಳೆ ಥರ ಕೂಗುತ್ತೆ. ಜೊತೆಗೆ ಮಣ್ಣಲ್ಲಿ ಮ್ಯಾಗ್ನೆಟೈಟ್‌ನಂಥ ಕಬ್ಬಿಣದ ಖನಿಜ ಇದ್ದರೆ ಅದು ಒಣಗಿದ್ದರೂ ಸಿಗ್ನಲ್ ಕೊಡುತ್ತೆ.

ನಾಣ್ಯದ ಸಿಗ್ನಲ್ ಎಷ್ಟು ಸಣ್ಣದು ಗೊತ್ತಾ? ಕಾಯಿಲ್‌ನಿಂದ ದೂರ ಹೋದಂತೆ ಕಾಂತಕ್ಷೇತ್ರ ದೂರದ ಘನಕ್ಕೆ ತಕ್ಕಂತೆ ಕುಗ್ಗುತ್ತೆ, ವಾಪಸ್ ಬರುವಾಗಲೂ ಹಾಗೇ. ಅಂದರೆ ಕಾಯಿಲ್ ಅಳತೆಗಿಂತ ಜಾಸ್ತಿ ಆಳದಲ್ಲಿ, ದೂರ ಎರಡು ಪಟ್ಟಾದರೆ ಸಿಗ್ನಲ್ ಸುಮಾರು 64ರಲ್ಲಿ ಒಂದು ಭಾಗ! ಅದಕ್ಕೇ ನೆಲದ ಸಣ್ಣ ಸದ್ದೂ ಆಳದ ನಾಣ್ಯವನ್ನು ಮುಚ್ಚಿಹಾಕುತ್ತೆ.

ಇದಕ್ಕೆ ಪರಿಹಾರ ಗ್ರೌಂಡ್ ಬ್ಯಾಲೆನ್ಸ್. ಲೋಹ ಇಲ್ಲದ ಜಾಗದಲ್ಲಿ ಕಾಯಿಲನ್ನು ಮೇಲೆ ಕೆಳಗೆ ಆಡಿಸಿ, ಸದ್ದು ಒಂದೇ ಸಮ ಆಗುವ ತನಕ ಹೊಂದಿಸಬೇಕು. ಮಳೆ ಬಂದು ಹೋದರೆ, ಒಣ ಮರಳಿನಿಂದ ಒದ್ದೆ ಮರಳಿಗೆ ಇಳಿದರೆ, ಮತ್ತೆ ಹೊಂದಿಸಬೇಕು. ಉಪ್ಪುನೀರಿನ ಸಿಗ್ನಲ್‌ನ ಫೇಸ್ ತೆಳು ಚಿನ್ನಕ್ಕೆ ಹತ್ತಿರ ಇರುತ್ತೆ, ಹಾಗಾಗಿ ತೀರದಲ್ಲಿ ಉಪ್ಪನ್ನು ರದ್ದು ಮಾಡಲು ಹೋದರೆ ಸಣ್ಣ ಚಿನ್ನವೂ ಕಳೆದುಹೋಗಬಹುದು. ಬೆಳ್ಳಿ, ತಾಮ್ರದ ದಪ್ಪ ನಾಣ್ಯಗಳ ಫೇಸ್ ದೂರ ಇರೋದರಿಂದ ಅವು ಬೇರೆಯಾಗಿ ಕೇಳಿಸುತ್ತವೆ.

ಗಾರ್ಫೀಲ್ಡ್ ಸಾಯುವ ಮೊದಲೇ ಬೆಲ್ ಮನೆಗೂ ಸಾವು ಬಂದಿತ್ತು. ಆಗಸ್ಟ್ 15ರಂದು ದಿನ ತುಂಬದೆ ಹುಟ್ಟಿದ ಮಗ ಎಡ್ವರ್ಡ್ ಉಸಿರಾಡಲಾಗದೆ ತೀರಿಕೊಂಡ. ಅದರ ನಂತರ ಬೆಲ್ ಉಸಿರಾಟಕ್ಕೆ ನೆರವಾಗುವ ಒಂದು ವ್ಯಾಕ್ಯೂಮ್ ಜಾಕೆಟ್ ರೂಪಿಸಿದರು. ಗುಂಡು ಹುಡುಕುವುದನ್ನೂ ಬಿಡಲಿಲ್ಲ. ರಿಸೀವರ್‌ಗೆ ಸೂಜಿ ಜೋಡಿಸಿ, ಗುಂಡಿಗೆ ತಾಗಿದರೆ ಸದ್ದು ಬರುವ ಸಾಧನ ಮಾಡಿದರು. ಅದಕ್ಕೆ ಬ್ಯಾಟರಿಯೂ ಬೇಡ. ಮೈಯೊಳಗಿನ ಉಪ್ಪುನೀರೇ ಎರಡು ಲೋಹಗಳ ನಡುವೆ ಸೆಲ್ ಆಗಿ ಕೆಲಸ ಮಾಡುತ್ತಿತ್ತು. ಒದ್ದೆ ತೀರದಲ್ಲಿ ಕಾಟ ಕೊಡುವ ಉಪ್ಪುನೀರು ಇಲ್ಲಿ ಸಹಾಯಕ್ಕೆ ಬಂತು ನೋಡಿ! ಎಕ್ಸ್-ರೇ ಬರುವ ತನಕ ಡಾಕ್ಟರುಗಳಿಗೆ ಅದು ಉಪಯೋಗಕ್ಕೆ ಬಂತು.

ಬೆಲ್ 1922ರ ಆಗಸ್ಟ್ 2ರಂದು ಕೆನಡಾದ ನೋವಾ ಸ್ಕೋಷಿಯಾದಲ್ಲಿ ತೀರಿಕೊಂಡರು. ಅಂತ್ಯಕ್ರಿಯೆ ಹೊತ್ತಿಗೆ ಉತ್ತರ ಅಮೆರಿಕದ ಟೆಲಿಫೋನ್‌ಗಳು ಒಂದು ನಿಮಿಷ ಸುಮ್ಮನಾದವು.

ಲ್ಯಾಬಿನಲ್ಲಿ ಸರಿಯಾಗಿ ಓಡಿದ ಸರ್ಕ್ಯೂಟ್ ಹೊರಗೆ ಹೋದಾಗ ಕೈ ಕೊಟ್ಟರೆ ಮೊದಲು ಅದನ್ನೇ ಬೈಯಬೇಡಿ. ಸುತ್ತಮುತ್ತ, ಕೆಳಗಡೆ ಏನಿದೆ ಅಂತ ಒಮ್ಮೆ ನೋಡಿ. ಮೊನ್ನೆ ತಾನೇ ಮಳೆ ಬಂದಿತ್ತಾ ಅಂತಲೂ ಕೇಳಿ.