ಕ್ಷಯದ ಬೇರು ಕಂಡ ರಾಬರ್ಟ್ ಕಾಕ್

ನಮ್ಮ ಭದ್ರಾವತಿ ಕಬ್ಬಿಣದ ಕಾರ್ಖಾನೆಯಿಂದ ಬೆಳೆದ ಊರು. ಜರ್ಮನಿಯ ಕ್ಲಾಸ್ಥಾಲ್ ಗಣಿಗಳಿಂದ ಬೆಳೆದ ಊರು. ಅಲ್ಲಿ 1843ರ ಡಿಸೆಂಬರ್ 11ರಂದು, ಗಣಿ ಅಧಿಕಾರಿಯೊಬ್ಬರ ತುಂಬು ಸಂಸಾರದಲ್ಲಿ ರಾಬರ್ಟ್ ಕಾಕ್ ಜನಿಸಿದರು.

ವೈದ್ಯರಾದ ಕಾಕ್ ಸಣ್ಣ ಊರೊಂದರಲ್ಲಿ ಸರ್ಕಾರಿ ಕೆಲಸಕ್ಕೆ ಸೇರಿದರು. ರೋಗಿಗಳನ್ನು ನೋಡಿ ಉಳಿದ ವೇಳೆಯಲ್ಲಿ ಮನೆಯಲ್ಲೇ ಸೂಕ್ಷ್ಮದರ್ಶಕದ ಮುಂದೆ ಕೂರುತ್ತಿದ್ದರು. ದನಕರುಗಳನ್ನು ಕೊಲ್ಲುವ ನೆರಡಿ ರೋಗಕ್ಕೆ ಒಂದು ರೋಗಾಣುವೇ ಕಾರಣವೆಂದು 1876ರಲ್ಲಿ ತೋರಿಸಿಕೊಟ್ಟರು.

ಆಗ ಯೂರೋಪಿನಲ್ಲಿ ಸಾಯುವ ಏಳು ಜನರಲ್ಲಿ ಒಬ್ಬರನ್ನು ಕ್ಷಯ ಒಯ್ಯುತ್ತಿತ್ತು. ಅದು ವಂಶದಿಂದ ಬರುವುದೆಂದು ಬಹುಮಂದಿ ನಂಬಿದ್ದರು. 1882ರ ಮಾರ್ಚ್ 24ರಂದು ಬರ್ಲಿನ್ನಿನಲ್ಲಿ ಕಾಕ್ ಆ ರೋಗದ ಅಣುವನ್ನೇ ತೋರಿಸಿದರು. ವಂಶದ ಕಳಂಕವೆಂಬ ಮಾತಿಗೆ ಅಲ್ಲಿಗೆ ಆಧಾರ ಉಳಿಯಲಿಲ್ಲ. ಆ ದಿನವೇ ಈಗ ವಿಶ್ವ ಕ್ಷಯರೋಗ ದಿನ.

ಕಾಕ್ ಎಡವಿದ್ದೂ ಉಂಟು. 1890ರಲ್ಲಿ ಕ್ಷಯಕ್ಕೆ ಮದ್ದು ಸಿಕ್ಕಿತೆಂದು ಸಾರಿದರು; ಅದರಲ್ಲಿ ಏನಿದೆಯೆಂದು ಮೊದಲು ಹೇಳಲಿಲ್ಲ. ಆಸೆ ಹೊತ್ತು ಬಂದ ರೋಗಿಗಳು ಗುಣವಾಗಲಿಲ್ಲ, ಕೆಲವರ ಸ್ಥಿತಿ ಕೆಟ್ಟಿತು. ಆ ಟ್ಯೂಬರ್‌ಕ್ಯುಲಿನ್ ಮುಂದೆ ಸೋಂಕಿನ ಪರೀಕ್ಷೆಗೆ ಉಪಯೋಗಕ್ಕೆ ಬಂತು. 1905ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಕಾಕ್ 1910ರ ಮೇ 27ರಂದು ತೀರಿಕೊಂಡರು. ನಿಜವಾದ ಮದ್ದು ಸ್ಟ್ರೆಪ್ಟೊಮೈಸಿನ್ ಸಿಕ್ಕಿದ್ದು 1943ರಲ್ಲಿ.

ಮದ್ದು ಬಂದರೆ ಸಾಲದು, ಅದು ಬಡವರ ಮನೆ ತಲುಪಬೇಕು. ಮನೆಯಲ್ಲಿದ್ದೇ ಔಷಧ ತೆಗೆದುಕೊಂಡವರು ಆರೋಗ್ಯಧಾಮದಲ್ಲಿದ್ದವರಷ್ಟೇ ಚೆನ್ನಾಗಿ ಗುಣವಾಗುತ್ತಾರೆಂದು 1959ರಲ್ಲಿ ಮದ್ರಾಸಿನ ಅಧ್ಯಯನ ತೋರಿಸಿತು. ಅದೇ ವರ್ಷ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಹುಟ್ಟಿತು. 1962ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾಯಿತು.

ಇದರ ಲಾಭವನ್ನು ನಿಮ್ಮ ಮನೆಯ ಲೆಕ್ಕದಲ್ಲೇ ನೋಡಿ. ದುಡಿಯುವ ತಂದೆ ಹಾಸಿಗೆ ಹಿಡಿದರೆ ಸಂಬಳ ನಿಲ್ಲುತ್ತದೆ, ಸಾಲ ಬೆಳೆಯುತ್ತದೆ, ಮಗು ಶಾಲೆ ಬಿಡುತ್ತದೆ. ಚಿಕಿತ್ಸೆಯಿಲ್ಲದ ರೋಗಿ ವರ್ಷದಲ್ಲಿ ಹತ್ತು ಹದಿನೈದು ಮಂದಿಗೆ ಸೋಂಕು ಅಂಟಿಸಬಲ್ಲ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಮಾತ್ರೆ ಸಾಕು. ಸರ್ಕಾರ ಅದನ್ನು ಉಚಿತವಾಗಿ ಕೊಡುತ್ತದೆ. ರೋಗಿಯ ಪೌಷ್ಟಿಕ ಆಹಾರಕ್ಕೆಂದು 2018ರಿಂದ ತಿಂಗಳಿಗೆ 500 ರೂಪಾಯಿ ಸಿಗುತ್ತಿತ್ತು. 2024ರ ನವೆಂಬರ್‌ನಿಂದ ಅದು 1000 ರೂಪಾಯಿ.

ಆದ್ದರಿಂದ ಮನೆಯಲ್ಲಿ ಯಾರಿಗಾದರೂ ಎರಡು ವಾರ ಕೆಮ್ಮು ಬಿಡದಿದ್ದರೆ ಸುಮ್ಮನಿರಬೇಡಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗಾಗಲಿ, ಭದ್ರಾವತಿಯ ಸರ್ಕಾರಿ ಆಸ್ಪತ್ರೆಗಾಗಲಿ ಕರೆದೊಯ್ದು ಕಫ ಪರೀಕ್ಷೆ ಮಾಡಿಸಿ. ಮಗಳ ಮದುವೆಗೆ ಅಡ್ಡಿಯಾದೀತೆಂದು ರೋಗ ಮುಚ್ಚಿಡಬೇಡಿ. ಎರಡು ತಿಂಗಳಿಗೇ ಮೈ ಹಗುರಾಯಿತೆಂದು ಮಾತ್ರೆ ಬಿಡಬೇಡಿ. ಅರ್ಧಕ್ಕೆ ಬಿಟ್ಟ ರೋಗ ಮದ್ದಿಗೆ ಬಗ್ಗದೆ ಮರಳೀತು. ಕಾಕ್ ಶತ್ರುವನ್ನು ತೋರಿಸಿಕೊಟ್ಟರು. ಅದನ್ನು ಮನೆಯಿಂದ ಹೊರಗಟ್ಟುವ ಕೆಲಸ ನಮ್ಮದು.