ಎನ್ರಿಕೊ ಫರ್ಮಿ

ಎನ್ರಿಕೊ ಫರ್ಮಿಯವರ ಹೆಸರನ್ನು ಕೇಳಿದೊಡನೆ ಜನರಿಗೆ ನೆನಪಾಗುವುದು ಅಣುಬಾಂಬು. 1942ರ ಡಿಸೆಂಬರ್ 2ರಂದು ಶಿಕಾಗೋ ನಗರದಲ್ಲಿ ಅವರ ನೇತೃತ್ವದಲ್ಲಿ ಪರಮಾಣುಶಕ್ತಿಯು ಮೊದಲ ಬಾರಿಗೆ ಮನುಷ್ಯನ ಹತೋಟಿಗೆ ಬಂದಿತು. ಮೂರು ವರ್ಷಗಳೊಳಗೆ ಹಿರೋಷಿಮಾ ಭಸ್ಮವಾಯಿತು. ಆದರೆ ಫರ್ಮಿಯವರ ಕೀರ್ತಿಗೆ ಇದಕ್ಕಿಂತ ನಿರ್ಮಲವಾದ ಆಧಾರವೊಂದುಂಟೆಂದು ನಾವು ಭಾವಿಸುತ್ತೇವೆ.

1901ರಲ್ಲಿ ರೋಮಿನಲ್ಲಿ ಜನಿಸಿದ ಅವರು, 1926ರಲ್ಲಿಯೇ ಕಣಸಮೂಹಗಳಿಗೆ ಅನ್ವಯಿಸುವ ನಿಯಮವೊಂದನ್ನು ರೂಪಿಸಿದರು. ತುಂಬಿದ ಸಭೆಯಲ್ಲಿ ಆಸನಕ್ಕೊಬ್ಬನಂತೆ, ಒಂದು ಸ್ಥಿತಿಯಲ್ಲಿ ಒಂದೇ ಕಣವಿರಬಲ್ಲುದೆಂಬುದು ಅದರ ತಿರುಳು.

ಕೆಲವು ಪರಮಾಣುಬೀಜಗಳು ಎಲೆಕ್ಟ್ರಾನುಗಳನ್ನು ಹೊರಸೂಸುವಾಗ ಶಕ್ತಿಯ ಲೆಕ್ಕದಲ್ಲಿ ಕೊರತೆ ಕಾಣುತ್ತಿದ್ದಿತು. ಕಣ್ಣಿಗೆ ಬೀಳದ ಕಣವೊಂದು ಆ ಪಾಲನ್ನು ಒಯ್ಯುತ್ತಿರಬಹುದೆಂದು 1930ರಲ್ಲಿ ಪೌಲಿಯವರು ಊಹಿಸಿದರು. ಆ ನ್ಯೂಟ್ರಿನೊವನ್ನು ನಂಬಿ, 1933ರ ಕೊನೆಗೆ ಫರ್ಮಿಯವರು ಪೂರ್ಣ ಸಿದ್ಧಾಂತವನ್ನೇ ಕಟ್ಟಿದರು. ಎಲೆಕ್ಟ್ರಾನ್ ಮತ್ತು ನ್ಯೂಟ್ರಿನೊಗಳು ಬೀಜದೊಳಗೆ ಅಡಗಿರುವುದಿಲ್ಲ. ನ್ಯೂಟ್ರಾನು ಪ್ರೋಟಾನಾಗುವ ಕ್ಷಣದಲ್ಲಿಯೇ ಹುಟ್ಟುತ್ತವೆಯೆಂದು ಅವರು ತೋರಿಸಿದರು. ನ್ಯೂಟ್ರಿನೊ ಬೀಜಕ್ಕೆ ತಗುಲುವುದು ಎಷ್ಟು ವಿರಳವೆಂಬುದನ್ನು 1934ರಲ್ಲಿ ಬೆಥೆ ಮತ್ತು ಪಯರ್ಲ್ಸ್ ಲೆಕ್ಕಹಾಕಿ, ಅದನ್ನು ಹಿಡಿಯುವುದು ಅಸಾಧ್ಯವೆಂದೇ ತೀರ್ಮಾನಿಸಿದರು.

1938ರಲ್ಲಿ ಮುಸೊಲಿನಿಯ ಸರ್ಕಾರವು ಯೆಹೂದ್ಯರ ವಿರುದ್ಧ ಶಾಸನಗಳನ್ನು ಹೊರಡಿಸಿತು. ಫರ್ಮಿಯವರ ಪತ್ನಿ ಲಾರಾ ಯೆಹೂದ್ಯ ಮನೆತನದವರು. ಆ ಡಿಸೆಂಬರಿನಲ್ಲಿ ಸ್ಟಾಕ್‌ಹೋಮಿನಲ್ಲಿ ನೊಬೆಲ್ ಪಾರಿತೋಷಕವನ್ನು ಸ್ವೀಕರಿಸಿದ ಫರ್ಮಿಯವರು ಸ್ವದೇಶಕ್ಕೆ ಮರಳದೆ ಸಂಸಾರಸಮೇತ ಅಮೆರಿಕೆಗೆ ತೆರಳಿದರು. ಇಟಲಿಯು ತನ್ನ ರತ್ನವನ್ನು ತಾನೇ ಹೊರಗೆಸೆಯಿತು.

1954ರ ನವೆಂಬರ್ 28ರಂದು, 53ನೆಯ ವಯಸ್ಸಿನಲ್ಲಿ, ಅವರು ಶಿಕಾಗೋದಲ್ಲಿ ನಿಧನರಾದರು. ನ್ಯೂಟ್ರಿನೊವನ್ನು ರೈನ್ಸ್ ಮತ್ತು ಕೋವನ್ ಪತ್ತೆಮಾಡಿದುದು 1956ರಲ್ಲಿ. 1965ರಲ್ಲಿ ನಮ್ಮ ಕೋಲಾರದ ಚಿನ್ನದ ಗಣಿಯ ಆಳದಲ್ಲಿ, ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊಗಳು ಬಂಡೆಯ ಬೀಜಗಳಿಗೆ ತಗುಲಿದ ಗುರುತುಗಳು ದೊರೆತವು.

ಫರ್ಮಿಯವರ ಆಸನನಿಯಮವೂ ವ್ಯರ್ಥವಾಗಲಿಲ್ಲ. ಪೆಟ್ಟುತಿಂದ ಬೀಜಕಣವು ಖಾಲಿಯಿರುವ ಸ್ಥಿತಿಗೇ ಹಾರಬೇಕೆಂಬ ಆಧಾರದ ಮೇಲೆ 1972ರಲ್ಲಿ ಸ್ಮಿತ್ ಮತ್ತು ಮೋನಿಜ್ ನ್ಯೂಟ್ರಿನೊ ಸಂಘಟ್ಟನೆಯನ್ನು ಗಣಿಸಿದರು. ಬೀಜಕಣಗಳ ಪರಸ್ಪರ ಸೆಳೆತವನ್ನೂ ಸೇರಿಸಿ ಆ ಗಣನೆಯನ್ನು ಮುಂದಿನವರು ತಿದ್ದಿದ್ದಾರೆ. ಗುರಿಯಿಟ್ಟು ಹೊಡೆಯಬಲ್ಲ ಎಲೆಕ್ಟ್ರಾನುಗಳಿಂದ ಬೀಜದ ಒಳಗನ್ನು ಅಳೆದು, ಆ ಅಳತೆಯಿಂದ ನ್ಯೂಟ್ರಿನೊವಿನ ಲೆಕ್ಕವನ್ನು ಒರೆಹಚ್ಚುವುದು ಇಂದಿನ ಕ್ರಮ.

ತಾವು ನಂಬಿದ ಕಣವನ್ನು ಕಾಣದೆಯೇ ಫರ್ಮಿಯವರು ಕಣ್ಮುಚ್ಚಿದರು. ತತ್‌ಕ್ಷಣದ ಪ್ರಯೋಜನವನ್ನೇ ವಿದ್ಯೆಯ ಅಳತೆಗೋಲೆಂದು ತಿಳಿದವರು ಈ ಜೀವನವನ್ನು ಮನನಮಾಡಬೇಕೆಂದು ನಾವು ಬಯಸುತ್ತೇವೆ.