ಕಿಡಿಯನ್ನು ಪಳಗಿಸಿದ ರಾಬರ್ಟ್ ಬಾಷ್

ಕೊಡಗಿನ ನಾಪೋಕ್ಲು ಕಾಫಿ ತೋಟಗಳ ನಡುವೆ ನೆಲೆಸಿರುವ ಊರು. ಮುಂಗಾರು ಹಿಡಿಯಿತೆಂದರೆ ಅಲ್ಲಿ ದಿನಗಟ್ಟಲೆ ಮಳೆ ಬಿಡುವುದಿಲ್ಲ. ಅಂತಹ ಮಳೆಯಲ್ಲಿ ಹಳೆಯ ಪೆಟ್ರೋಲ್ ಜೀಪೊಂದು ತೋಟದ ಏರುದಾರಿಯಲ್ಲಿ ನಿಂತುಬಿಟ್ಟರೆ, ಕಸುಬು ಬಲ್ಲವರು ಇಂಜಿನನ್ನು ಬಿಚ್ಚಲು ಆತುರಪಡುವುದಿಲ್ಲ. ಮೊದಲು ಅವರು ಹುಡುಕುವುದು ಒಂದು ಕಿಡಿಯನ್ನು. ಇಂಜಿನಿನೊಳಗೆ ಪೆಟ್ರೋಲಿನ ಆವಿಯೂ ಗಾಳಿಯೂ ಬೆರೆತು ಸಿದ್ಧವಾಗಿದ್ದರೂ ಕಿಡಿ ಹಾರದಿದ್ದರೆ ಗಾಡಿ ಕದಲದು. ಈ ಕಿಡಿಯನ್ನು ಮಾನವನ ನಂಬಿಕೆಗೆ ಯೋಗ್ಯವಾಗಿಸಿದವರಲ್ಲಿ ಅಗ್ರಗಣ್ಯನು ರಾಬರ್ಟ್ ಬಾಷ್.

ಬಾಷ್ 1861ರ ಸೆಪ್ಟೆಂಬರ್ 23ರಂದು ಜರ್ಮನಿಯ ಉಲ್ಮ್ ನಗರದ ಸಮೀಪದ ಆಲ್ಬೆಕ್ ಎಂಬ ಹಳ್ಳಿಯಲ್ಲಿ ಜನಿಸಿದನು. ಹನ್ನೆರಡು ಮಂದಿ ಮಕ್ಕಳಲ್ಲಿ ಅವನು ಹನ್ನೊಂದನೆಯವನು. ತಂದೆ ಬೇಸಾಯದೊಡನೆ ಪ್ರಯಾಣಿಕರ ವಸತಿಗೃಹವೊಂದನ್ನೂ ನಡೆಸುತ್ತಿದ್ದನು. ಶಾಲೆ ಮುಗಿದ ಮೇಲೆ ಹುಡುಗನು ಉಲ್ಮ್‌ನಲ್ಲಿ ಸೂಕ್ಷ್ಮ ಯಂತ್ರೋಪಕರಣಗಳ ಕಸುಬಿಗೆ ಸೇರಿದನು. ಅಲ್ಲಿ ದೊರೆತ ತರಬೇತಿ ಅವನಿಗೆ ತೃಪ್ತಿ ತರಲಿಲ್ಲ. ಆದುದರಿಂದ ಊರಿಂದೂರಿಗೆ ಹೋಗಿ ಹಲವು ಕಾರ್ಖಾನೆಗಳಲ್ಲಿ ದುಡಿದನು. 1884ರಲ್ಲಿ ಅಮೆರಿಕಕ್ಕೆ ಹೋಗಿ ಎಡಿಸನ್ನನ ಕಾರ್ಖಾನೆಯಲ್ಲಿಯೂ, ಬಳಿಕ ಇಂಗ್ಲೆಂಡಿನ ಸೀಮೆನ್ಸ್ ಸಂಸ್ಥೆಯಲ್ಲಿಯೂ ಕೆಲಸ ಮಾಡಿ ತಾಯ್ನಾಡಿಗೆ ಮರಳಿದನು.

1886ರ ನವೆಂಬರ್‌ನಲ್ಲಿ ಸ್ಟುಟ್‌ಗಾರ್ಟ್ ನಗರದಲ್ಲಿ ಅವನು ತನ್ನದೇ ಆದ ಸಣ್ಣ ಕಾರ್ಯಾಗಾರವನ್ನು ತೆರೆದನು. ಅವನೊಡನೆ ಇದ್ದವರು ಒಬ್ಬ ಕುಶಲಕರ್ಮಿ ಮತ್ತು ಒಬ್ಬ ಕೆಲಸದ ಹುಡುಗ ಮಾತ್ರ. ದೂರವಾಣಿ, ವಿದ್ಯುತ್ ಗಂಟೆ ಮುಂತಾದವುಗಳ ಜೋಡಣೆ, ದುರಸ್ತಿ ಅವರ ಕೆಲಸ. ಮೊದಲ ಕೆಲವು ವರ್ಷಗಳು ಬಲು ಕಷ್ಟದವು. ಕೆಲಸ ಸಾಲದೆ ಆಳುಗಳನ್ನು ಬಿಡಿಸಬೇಕಾದ ದಿನಗಳೂ ಬಂದವು. ಮನೆಯವರ ನೆರವಿನಿಂದ ಕಾರ್ಯಾಗಾರ ಉಳಿಯಿತು. ಹೀಗಿದ್ದರೂ ಕೆಟ್ಟ ಸಾಮಾನನ್ನು ಒಳ್ಳೆಯದೆಂದು ಮಾರಲು ಬಾಷ್ ಒಪ್ಪಲಿಲ್ಲ. ಹಣ ಹೋದರೆ ಮತ್ತೆ ಗಳಿಸಬಹುದು, ಕೊಂಡವರ ವಿಶ್ವಾಸ ಹೋದರೆ ಮರಳಿ ಬಾರದೆಂಬುದು ಅವನ ದೃಢವಾದ ನಿಲುವಾಗಿತ್ತು.

ಆ ಕಾಲದ ಮೋಟಾರು ಬಂಡಿಗಳಿಗೆ ಕಿಡಿಯದೇ ದೊಡ್ಡ ಚಿಂತೆ. ಕೆಲವು ಬಂಡಿಗಳಲ್ಲಿ ಉರಿಯುವ ಜ್ವಾಲೆಯಿಂದ ಕೊಳವೆಯನ್ನು ಕಾಯಿಸಿ ಇಂಧನವನ್ನು ಹೊತ್ತಿಸುತ್ತಿದ್ದರು. ಅದು ಬೆಂಕಿಯ ಅಪಾಯವನ್ನು ಜೊತೆಗಿಟ್ಟುಕೊಂಡ ಪ್ರಯಾಣ. ಮತ್ತೆ ಕೆಲವು ಬ್ಯಾಟರಿಯನ್ನು ನೆಚ್ಚಿದ್ದವು. ಬ್ಯಾಟರಿ ಬರಿದಾದೊಡನೆ ಬಂಡಿ ನಿಲ್ಲುತ್ತಿತ್ತು. ಬಾಷ್ 1887ರಿಂದಲೇ ಒಂದೆಡೆ ನೆಲೆಗೊಳಿಸಿದ ಇಂಜಿನುಗಳಿಗೆ ಮ್ಯಾಗ್ನೆಟೊ ಎಂಬ ಸಾಧನವನ್ನು ತಯಾರಿಸುತ್ತಿದ್ದನು. ಅಯಸ್ಕಾಂತದ ನಡುವೆ ತಂತಿಯ ಸುರುಳಿಯನ್ನು ಆಡಿಸಿದರೆ ವಿದ್ಯುತ್ತು ಹುಟ್ಟುತ್ತದೆ. ಇದೇ ಅದರ ತತ್ತ್ವ. ಅದಕ್ಕೆ ಬ್ಯಾಟರಿಯ ಹಂಗಿಲ್ಲ. ಆದರೆ ಮೋಟಾರು ಬಂಡಿಯ ವೇಗ ಅದಕ್ಕೆ ನಿಲುಕುವಂತಿರಲಿಲ್ಲ.

1897ರಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ಸಿಮ್ಸ್ ಎಂಬವನು ಮೂರು ಚಕ್ರದ ಮೋಟಾರು ಬಂಡಿಯೊಂದಕ್ಕೆ ಮ್ಯಾಗ್ನೆಟೊ ಅಳವಡಿಸಿಕೊಡುವಂತೆ ಕೇಳಿದನು. ಅದರ ಇಂಜಿನು ನಿಮಿಷಕ್ಕೆ ಸುಮಾರು 1800 ಸುತ್ತು ಸುತ್ತುತ್ತಿತ್ತು. ಅಂದಿನ ಮ್ಯಾಗ್ನೆಟೊ ಸುಮಾರು 200 ಸುತ್ತಿಗೇ ದಣಿಯುತ್ತಿತ್ತು. ಬಾಷನ ಮೇಸ್ತ್ರಿ ಆರ್ನಾಲ್ಡ್ ಝೇರಿಂಗರ್ ಉಪಾಯವೊಂದನ್ನು ಕಂಡುಹಿಡಿದನು. ಭಾರವಾದ ಸುರುಳಿಯನ್ನು ನಿಶ್ಚಲವಾಗಿರಿಸಿ, ಅದರ ಸುತ್ತ ಹಗುರವಾದ ಲೋಹದ ಕವಚವನ್ನು ಆಡಿಸಿದನು. ಬಂಡಿ ಓಡಿತು. ಮುಂದೆ 1902ರಲ್ಲಿ ಅದೇ ಕಾರ್ಖಾನೆಯ ಗಾಟ್ಲಾಬ್ ಹೊನೊಲ್ಡ್ ಎಂಬ ಇಂಜಿನಿಯರನು ಅಧಿಕ ಒತ್ತಡದ ಮ್ಯಾಗ್ನೆಟೊವನ್ನೂ ಅದಕ್ಕೆ ತಕ್ಕ ಸ್ಪಾರ್ಕ್ ಪ್ಲಗ್ಗನ್ನೂ ಸಿದ್ಧಪಡಿಸಿದನು. ಪ್ಲಗ್ಗಿನ ತುದಿಯ ಕಿರಿದಾದ ಸಂದಿನಲ್ಲಿ ಕಿಡಿ ಹಾರಿ ಇಂಧನ ಹೊತ್ತಿಕೊಂಡಿತು. ಮುಂದೆ ಮ್ಯಾಗ್ನೆಟೊದ ಸ್ಥಾನಕ್ಕೆ ಬ್ಯಾಟರಿಯೂ ಕಾಯಿಲೂ ಬಂದವು. ಸ್ಪಾರ್ಕ್ ಪ್ಲಗ್ ಮಾತ್ರ ಉಳಿಯಿತು.

ಹಳೆಯ ಗಾಡಿಯಲ್ಲಿ ದೋಷವನ್ನು ಹುಡುಕುವ ಕ್ರಮವೂ ಕಿಡಿಯ ಈ ದಾರಿಯನ್ನೇ ಅನುಸರಿಸುತ್ತದೆ. ಪ್ಲಗ್ಗಿನಲ್ಲಿ ಕಿಡಿ ಕಂಡರೆ ಪೆಟ್ರೋಲು ಬರುತ್ತಿದೆಯೇ ಎಂದು ನೋಡಬೇಕು. ಕಾಣದಿದ್ದರೆ ಒಂದೊಂದೇ ಹೆಜ್ಜೆ ಹಿಂದಕ್ಕೆ ಸರಿಯಬೇಕು. ಕಾಯಿಲಿನಿಂದ ಬರುವ ದಪ್ಪ ತಂತಿಯಲ್ಲಿ ಕಿಡಿ ಇದ್ದು ಪ್ಲಗ್ಗಿನಲ್ಲಿ ಇಲ್ಲವಾದರೆ ದೋಷ ನಡುವಿನ ಡಿಸ್ಟ್ರಿಬ್ಯೂಟರಿನಲ್ಲಿಯೋ ಪ್ಲಗ್ಗಿನ ತಂತಿಯಲ್ಲಿಯೋ ಇರುತ್ತದೆ. ಕೊಡಗಿನಂತಹ ಮಳೆನಾಡಿನಲ್ಲಿ ಡಿಸ್ಟ್ರಿಬ್ಯೂಟರಿನ ಮುಚ್ಚಳಕ್ಕೆ ತೇವ ಹಿಡಿದರೆ ವಿದ್ಯುತ್ತು ದಾರಿತಪ್ಪುತ್ತದೆ. ಒಣಬಟ್ಟೆಯಿಂದ ಒರಸಿದರೆ ಎಷ್ಟೋ ಸಲ ಗಾಡಿ ಹೊರಡುತ್ತದೆ. ದಪ್ಪ ತಂತಿಯಲ್ಲಿಯೂ ಕಿಡಿ ಇಲ್ಲದಿದ್ದರೆ ಪಾಯಿಂಟು, ಕಂಡೆನ್ಸರು, ಕಾಯಿಲು, ಬ್ಯಾಟರಿಯ ಕೊಂಡಿ ಇವುಗಳನ್ನು ಅನುಕ್ರಮವಾಗಿ ಪರೀಕ್ಷಿಸಬೇಕು. ಊಹೆಯಿಂದ ಭಾಗಗಳನ್ನು ಬದಲಿಸುವವನಿಗೆ ಹಣವೂ ಹೊತ್ತೂ ನಷ್ಟ. ಪರೀಕ್ಷಿಸದೆ ಯಾವುದನ್ನೂ ನಂಬಬಾರದೆಂಬ ಈ ಶಿಸ್ತೇ ಬಾಷನ ಕಾರ್ಖಾನೆಯ ಜೀವಾಳವಾಗಿತ್ತು.

ಯಂತ್ರದ ವಿಷಯದಲ್ಲಿದ್ದ ಈ ನಿಷ್ಠೆಯನ್ನು ಅವನು ಮನುಷ್ಯರ ವಿಷಯದಲ್ಲಿಯೂ ತೋರಿದನು. 1906ರಲ್ಲಿಯೇ ತನ್ನ ಕಾರ್ಮಿಕರಿಗೆ ಎಂಟು ಗಂಟೆಯ ದುಡಿಮೆಯನ್ನು ಜಾರಿಗೆ ತಂದನು. 1910ರಲ್ಲಿ ಸ್ಟುಟ್‌ಗಾರ್ಟಿನ ತಾಂತ್ರಿಕ ವಿದ್ಯಾಲಯಕ್ಕೆ ಹತ್ತು ಲಕ್ಷ ಮಾರ್ಕುಗಳನ್ನು ದಾನಮಾಡಿದನು. ಎಳೆಯರು ಕಸುಬನ್ನು ಕ್ರಮವಾಗಿ ಕಲಿಯಲೆಂದು 1913ರಲ್ಲಿ ಕಾರ್ಖಾನೆಯಲ್ಲಿಯೇ ತರಬೇತಿ ವಿಭಾಗವನ್ನು ತೆರೆದನು. ಮೊದಲನೆಯ ಮಹಾಯುದ್ಧದಿಂದ ಬಂದ ಲಾಭವನ್ನು ತನಗೆಂದು ಇಟ್ಟುಕೊಳ್ಳಲು ಮನಸ್ಸೊಪ್ಪದೆ ಲೋಕೋಪಯೋಗಿ ಕಾರ್ಯಗಳಿಗೆ ಕೊಟ್ಟನು. ಅನಾರೋಗ್ಯದಿಂದ ಬಳಲಿದ ಮಗನು 1921ರಲ್ಲಿ ತೀರಿಕೊಂಡದ್ದು ಅವನ ಬಾಳಿನ ದೊಡ್ಡ ದುಃಖ.

ಅತ್ಯಂತ ಕಠಿಣವಾದ ಪರೀಕ್ಷೆ ಮುಪ್ಪಿನಲ್ಲಿ ಬಂದಿತು. 1933ರಲ್ಲಿ ಹಿಟ್ಲರನು ಅಧಿಕಾರಕ್ಕೆ ಬಂದನು. ಫ್ರಾನ್ಸಿನೊಡನೆ ಸೌಹಾರ್ದವನ್ನು ಬಯಸಿದ್ದ ಬಾಷನಿಗೆ ಆ ಆಡಳಿತ ಹಿಡಿಸಲಿಲ್ಲ. ಅವನೂ ಅವನ ಆಪ್ತರೂ ಯೆಹೂದ್ಯರಿಗೆ ಗುಟ್ಟಾಗಿ ನೆರವಾದರು. ಹಿಟ್ಲರನ ವಿರೋಧಿಯಾದ ಗೋರ್ಡೆಲರನಿಗೆ ಸಂಸ್ಥೆಯಲ್ಲಿ ಆಶ್ರಯವಿತ್ತರು. ಆದರೆ ಅದೇ ಸಂಸ್ಥೆ ಯುದ್ಧ ಸಾಮಗ್ರಿಯನ್ನೂ ತಯಾರಿಸಿತು. ಬಲಾತ್ಕಾರದಿಂದ ತಂದ ಜನ ಅದರ ಕಾರ್ಖಾನೆಗಳಲ್ಲಿ ದುಡಿದರು. ಸಜ್ಜನನೊಬ್ಬನು ಕಟ್ಟಿದ ಸಂಸ್ಥೆಯೂ ಕೆಟ್ಟ ಆಡಳಿತದ ಹಿಡಿತಕ್ಕೆ ಸಿಕ್ಕಿದರೆ ಕಳಂಕದಿಂದ ಪಾರಾಗಲಾರದೆಂಬುದಕ್ಕೆ ಇದು ಸಾಕ್ಷಿ. ಯುದ್ಧ ಮುಗಿಯುವ ಮುನ್ನವೇ, 1942ರ ಮಾರ್ಚ್ 12ರಂದು, ಬಾಷ್ ಕಣ್ಮುಚ್ಚಿದನು.

ಅವನ ಸಂಕಲ್ಪದಂತೆ ಸಂಸ್ಥೆಯ ಹೆಚ್ಚಿನ ಪಾಲು 1964ರಲ್ಲಿ ಲೋಕಸೇವೆಯ ಪ್ರತಿಷ್ಠಾನವೊಂದಕ್ಕೆ ಸೇರಿತು. ಕರ್ನಾಟಕಕ್ಕೂ ಅವನ ಕಸುಬು ಬಂದಿತು. 1951ರಲ್ಲಿ ಬೆಂಗಳೂರಿನಲ್ಲಿ ಮೋಟಾರ್ ಇಂಡಸ್ಟ್ರೀಸ್ ಕಂಪನಿ ಸ್ಥಾಪನೆಯಾಯಿತು. ಮೈಕೊ ಎಂದೇ ಜನಪ್ರಿಯವಾದ ಆ ಕಾರ್ಖಾನೆಯ ಸ್ಪಾರ್ಕ್ ಪ್ಲಗ್ಗುಗಳೂ ಡೀಸೆಲ್ ಪಂಪುಗಳೂ ನಾಡಿನ ವಾಹನಗಳನ್ನು ಓಡಿಸಿದವು. ಸಾವಿರಾರು ಕನ್ನಡಿಗರು ಅಲ್ಲಿ ಕಸುಬು ಕಲಿತರು. 2008ರಲ್ಲಿ ಅದಕ್ಕೆ ಬಾಷನ ಹೆಸರೇ ಬಂದಿತು. ಯಂತ್ರವಾಗಲಿ ಸಮಾಜವಾಗಲಿ, ದೋಷವನ್ನು ಮುಚ್ಚಿಡದೆ ಮೂಲದವರೆಗೆ ಹುಡುಕಿ ಸರಿಪಡಿಸುವವರಿಂದಲೇ ಮುಂದೆ ಸಾಗುತ್ತದೆ. ಬಾಷನ ಬದುಕಿನ ಸಾರ್ಥಕತೆಯೂ ಅದರ ಎಚ್ಚರಿಕೆಯೂ ಇದೇ ಆಗಿದೆ.